ಕಡಿಮೆ ಖರ್ಚಿನಲ್ಲಿ ಕ್ರೂಸ್ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಹಡಗಿನ ಪ್ರವಾಸ ಮುಗಿಸಿ ಬಂದೆ ಎಂದರೆ ಸಾಕು, ಎದುರಿಗಿದ್ದವರ ಮೊದಲ ಪ್ರಶ್ನೆ ‘ಎಷ್ಟಾಯಿತು?’ ಎಂದೇ ಇರುತ್ತದೆ. ಅದರ ಬೆನ್ನಿಗೆ ಹತ್ತಾರು ಪ್ರಶ್ನೆಗಳು ಬರುತ್ತವೆ. ಹಲವು ವರ್ಷಗಳಿಂದ ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಎದುರಾದವುಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ದರಗಳನ್ನು ಬರೆದಿಲ್ಲ, ಅವು ಇಂದಿದ್ದಂತೆ ನಾಳೆ ಇರುವುದಿಲ್ಲ. ಲೆಕ್ಕ ಹಾಕುವ ಬಗೆ ಮಾತ್ರ ಎಲ್ಲರಿಗೂ ಒಂದೇ.

## ಮೊದಲ ಬಾರಿ ಯೋಚಿಸುತ್ತಿರುವವರಿಗೆ

ಕ್ರೂಸ್ ಎಂದರೆ ಶ್ರೀಮಂತರ ವಿಷಯವಲ್ಲವೇ? ನಮ್ಮಂಥವರ ಕೈಗೆ ಎಟುಕುತ್ತದೆಯೇ?

ಎಟುಕುತ್ತದೆ. ಅದಕ್ಕೆ ಕಾರಣ ಇಂದಿನ ಹಡಗುಗಳ ಗಾತ್ರ. 2024ರಲ್ಲಿ ಸಂಚಾರ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ ಹಡಗಿನಲ್ಲಿ ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಿಡಿದರೂ 5,600ಕ್ಕೂ ಹೆಚ್ಚು ಪ್ರಯಾಣಿಕರಿಗೆ ಜಾಗವಿದೆ. ಹಡಗು ಲಂಗರು ಎತ್ತಿದ ಮೇಲೆ ಖಾಲಿ ಉಳಿದ ಕ್ಯಾಬಿನ್‌ನಿಂದ ಕಂಪನಿಗೆ ಬಿಡಿಗಾಸೂ ಹುಟ್ಟುವುದಿಲ್ಲ. ಆದ್ದರಿಂದ ಟಿಕೆಟ್ ದರ ಇಳಿಸಿಯಾದರೂ ಹಡಗು ತುಂಬಿಸುತ್ತಾರೆ, ಆಮೇಲೆ ಹಡಗಿನೊಳಗಿನ ಮಾರಾಟದಿಂದ ಗಳಿಸುತ್ತಾರೆ. ವ್ಯಾಪಾರದ ಈ ಗುಟ್ಟು ತಿಳಿದಿದ್ದರೆ ಎಲ್ಲಿ ಕೈ ಬಿಚ್ಚಬೇಕು, ಎಲ್ಲಿ ಬಿಗಿ ಹಿಡಿಯಬೇಕು ಎಂಬುದು ತಾನಾಗಿಯೇ ಹೊಳೆಯುತ್ತದೆ.

ಟಿಕೆಟ್ ದರದಲ್ಲಿ ಏನು ಬರುತ್ತದೆ, ಯಾವುದಕ್ಕೆ ಬೇರೆ ದುಡ್ಡು?

ಮಲಗಲು ಕ್ಯಾಬಿನ್, ಮುಖ್ಯ ಭೋಜನಶಾಲೆಯಲ್ಲೂ ಬಫೆಯಲ್ಲೂ ಊಟ ತಿಂಡಿ, ರಾತ್ರಿಯ ಕಾರ್ಯಕ್ರಮಗಳು, ಈಜುಕೊಳ, ವ್ಯಾಯಾಮ ಶಾಲೆ, ಮಕ್ಕಳ ಆಟದ ಕೊಠಡಿ ಸಾಮಾನ್ಯವಾಗಿ ಟಿಕೆಟ್‌ನಲ್ಲೇ ಸೇರಿರುತ್ತವೆ. ಮದ್ಯ, ತಂಪು ಪಾನೀಯ, ಇಂಟರ್ನೆಟ್, ವಿಶೇಷ ರೆಸ್ಟೋರೆಂಟುಗಳು, ಸ್ಪಾ, ಫೋಟೊ, ಬಂದರಿನಲ್ಲಿ ಇಳಿದು ಸುತ್ತುವುದು, ಬಟ್ಟೆ ಒಗೆಸುವುದು, ಹಡಗಿನ ವೈದ್ಯರನ್ನು ಕಾಣುವುದು ಇವೆಲ್ಲ ಬೇರೆ. ಸಿಬ್ಬಂದಿಯ ಸೇವಾ ಶುಲ್ಕ ಹಲವು ಕಂಪನಿಗಳಲ್ಲಿ ತಲೆಗೆ, ದಿನಕ್ಕೆ ಇಷ್ಟು ಎಂದು ತಾನಾಗಿಯೇ ಬಿಲ್‌ಗೆ ಸೇರುತ್ತದೆ. ಬಂದರು ಶುಲ್ಕ ಮತ್ತು ತೆರಿಗೆಯನ್ನು ಜಾಹೀರಾತಿನ ದರದಲ್ಲಿ ಸೇರಿಸಿದ್ದಾರೆಯೇ ಎಂಬುದನ್ನು ಸಣ್ಣ ಅಕ್ಷರಗಳಲ್ಲಿ ಹುಡುಕಿ ನೋಡಿ.

ಒಟ್ಟು ಎಷ್ಟು ಹಣ ಎತ್ತಿಡಬೇಕು? ಯಾರನ್ನು ಕೇಳಿದರೂ ಟಿಕೆಟ್ ದರವನ್ನಷ್ಟೇ ಹೇಳುತ್ತಾರೆ.

ನಾನೂ ಮೊದಲ ಬಾರಿ ಟಿಕೆಟ್ ದರವನ್ನಷ್ಟೇ ನೋಡಿ ಹೊರಟವನು. ಕೊನೆಯ ದಿನ ಬೆಳಗಿನ ಜಾವ ಎದ್ದಾಗ, ಬಾಗಿಲ ಸಂದಿಯಿಂದ ತೂರಿಸಿದ್ದ ಎರಡು ಹಾಳೆಯ ಬಿಲ್ ನೆಲದ ಮೇಲೆ ಬಿದ್ದಿತ್ತು. ಹಾಸಿಗೆಯ ಅಂಚಿಗೆ ಕುಳಿತು ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದೆ. ದಿನವೂ ಕೊಂಡ ಬಾಟಲಿ ನೀರು, ಎರಡು ದಿನದ ಇಂಟರ್ನೆಟ್, ನೆನಪಿಗಿರಲಿ ಎಂದು ಕೊಂಡ ಫೋಟೊ, ಇಬ್ಬರ ಸೇವಾ ಶುಲ್ಕ. ಒಂದೂ ಸುಳ್ಳು ಲೆಕ್ಕವಲ್ಲ, ಕೊಂಡದ್ದಕ್ಕೆಲ್ಲ ಕಾರ್ಡ್ ಕೊಟ್ಟವನು ನಾನೇ. ಕೂಡಿಸಿದಾಗ ಟಿಕೆಟ್ ದರದ ಅರ್ಧಕ್ಕೆ ಬಂದು ನಿಂತಿತ್ತು.

ಅಂದಿನಿಂದ ನನ್ನ ಲೆಕ್ಕ ಮನೆಬಾಗಿಲಿನಿಂದ ಮನೆಬಾಗಿಲಿಗೆ. ಟಿಕೆಟ್, ತೆರಿಗೆ, ಸೇವಾ ಶುಲ್ಕ, ಬಂದರಿಗೆ ಹೋಗಿಬರುವ ಖರ್ಚು, ಹಿಂದಿನ ರಾತ್ರಿಯ ವಸತಿ, ವೀಸಾ, ವಿಮೆ, ಬಂದರುಗಳ ಸುತ್ತಾಟ, ಹಡಗಿನ ಕೈಖರ್ಚು ಎಲ್ಲವನ್ನೂ ಕೂಡಿಸಿ. ಬಂದ ಮೊತ್ತವನ್ನು ತಲೆಗಳಿಂದಲೂ ರಾತ್ರಿಗಳಿಂದಲೂ ಭಾಗಿಸಿ. ಒಬ್ಬರಿಗೆ, ಒಂದು ರಾತ್ರಿಗೆ ಬೀಳುವ ಆ ಸಂಖ್ಯೆಯೇ ನಿಜವಾದ ದರ. ಒಂದು ಉದಾಹರಣೆ ನೋಡಿ. ದೂರದ ಬಂದರಿನಿಂದ ಹೊರಡುವ ಏಳು ರಾತ್ರಿಯ ಹಡಗಿನ ಟಿಕೆಟ್ 100 ಎಂದಿಟ್ಟುಕೊಳ್ಳೋಣ. ವಿಮಾನಕ್ಕೆ 70, ವಸತಿಗೆ 15, ಉಳಿದದ್ದಕ್ಕೆ 40 ಸೇರಿದರೆ 225 ಆಯಿತು. ಹತ್ತಿರದ ಬಂದರಿನ ಹಡಗಿಗೆ ಟಿಕೆಟ್ಟೇ 140. ಆದರೆ ಪ್ರಯಾಣಕ್ಕೆ 10, ಉಳಿದದ್ದಕ್ಕೆ ಅದೇ 40, ಒಟ್ಟು 190. ಜಾಹೀರಾತಿನಲ್ಲಿ ದುಬಾರಿಯಾಗಿ ಕಂಡದ್ದೇ ಕೊನೆಗೆ ಸೋವಿಯಾಯಿತು.

ಮೊದಲ ಸಲ ಮೂರು ರಾತ್ರಿಯದು ಸಾಕೋ, ಏಳು ರಾತ್ರಿಯದು ಬೇಕೋ?

ಹಡಗು ಹತ್ತುವುದು ಮೊದಲ ದಿನ ಮಧ್ಯಾಹ್ನ, ಇಳಿಯುವುದು ಕೊನೆಯ ದಿನ ಬೆಳಿಗ್ಗೆ. ಹೀಗಾಗಿ ಮೂರು ರಾತ್ರಿಯ ಪ್ರವಾಸದಲ್ಲಿ ಪೂರ್ತಿಯಾಗಿ ಕೈಗೆ ಸಿಗುವುದು ಎರಡೇ ದಿನ. ರಾತ್ರಿಯ ಲೆಕ್ಕದಲ್ಲಿ ಏಳು ರಾತ್ರಿಯದೇ ಸಾಮಾನ್ಯವಾಗಿ ಅಗ್ಗ. ಆದರೂ ಸಮುದ್ರ ಒಗ್ಗುತ್ತದೆಯೇ ಎಂಬ ಅನುಮಾನವಿದ್ದರೆ ಚಿಕ್ಕದರಲ್ಲೇ ಶುರುಮಾಡಿ.

## ಬುಕ್ ಮಾಡುವ ಹೊತ್ತಿಗೆ

ಯಾವ ತಿಂಗಳಲ್ಲಿ ಅಗ್ಗ?

ಶಾಲೆಗಳಿಗೆ ರಜೆ ಇದ್ದಾಗ ದುಬಾರಿ, ಶಾಲೆ ನಡೆಯುತ್ತಿರುವಾಗ ಅಗ್ಗ. ಜಗತ್ತಿನ ಯಾವ ಕಡಲಿಗೆ ಹೋದರೂ ಇದು ಬದಲಾಗುವುದಿಲ್ಲ. ಪ್ರತಿ ಕಡಲಿಗೂ ತನ್ನದೇ ಋತುವಿದೆ. ಅಲಾಸ್ಕಾದಲ್ಲಿ ಹಡಗುಗಳು ಓಡುವುದು ಹೆಚ್ಚುಕಡಿಮೆ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ. ಅದರ ಎರಡು ತುದಿಗಳಲ್ಲಿ ಚಳಿ ಇರುತ್ತದೆ, ದರ ಇಳಿದಿರುತ್ತದೆ. ಮೆಡಿಟರೇನಿಯನ್‌ನಲ್ಲಿ ಜುಲೈ, ಆಗಸ್ಟ್ ಬಿಟ್ಟು ಏಪ್ರಿಲ್ ಅಥವಾ ಅಕ್ಟೋಬರ್ ಕೊನೆಯತ್ತ ನೋಡಿ. ಬಿಸಿಲಿನ ಝಳವೂ ಜನರ ನೂಕುನುಗ್ಗಲೂ ಕಡಿಮೆ.

ಕೆರಿಬಿಯನ್‌ನಲ್ಲಿ ಸೆಪ್ಟೆಂಬರ್ ಸುತ್ತಮುತ್ತ ದರ ನೆಲಕಚ್ಚುತ್ತದೆ. ಅದಕ್ಕೆ ಕಾರಣವೂ ಇದೆ. ಅಟ್ಲಾಂಟಿಕ್ ಸಾಗರದ ಚಂಡಮಾರುತದ ಅವಧಿ ಜೂನ್ 1ರಿಂದ ನವೆಂಬರ್ 30, ಅದರ ಬಿರುಸು ಸೆಪ್ಟೆಂಬರ್‌ನಲ್ಲಿ. ಹಡಗು ಬಿರುಗಾಳಿಯ ದಾರಿ ತಪ್ಪಿಸಿಯೇ ಹೋಗುತ್ತದೆ. ಆದರೆ ನೀವು ಆಸೆಪಟ್ಟ ದ್ವೀಪದ ಬದಲು ಬೇರೊಂದು ದಂಡೆಗೆ ಹೋಗಬಹುದು, ಮರಳುವುದು ಒಂದೆರಡು ದಿನ ತಡವಾಗಬಹುದು. ರಜೆಯನ್ನು ಹಿಗ್ಗಿಸಿಕೊಳ್ಳಬಲ್ಲವರು ಮಾತ್ರ ಆ ಅಗ್ಗಕ್ಕೆ ಕೈ ಹಾಕಲಿ.

ವರ್ಷ ಮೊದಲೇ ಬುಕ್ ಮಾಡಬೇಕೋ, ಕೊನೆಯ ಗಳಿಗೆವರೆಗೆ ಕಾಯಬೇಕೋ?

ದಿನಾಂಕ, ಬಂದರು, ಕ್ಯಾಬಿನ್ ಇವುಗಳಲ್ಲಿ ನಿಮಗೆ ಎಷ್ಟು ಹಟವಿದೆ ಎಂದು ಕೇಳಿಕೊಳ್ಳಿ. ನಾಲ್ಕು ಜನರ ಕುಟುಂಬ, ಶಾಲಾ ರಜೆಯಲ್ಲೇ ಹೋಗಬೇಕು ಎನ್ನುವವರು ಮೊದಲೇ ಮಾಡಬೇಕು, ಏಕೆಂದರೆ ನಾಲ್ವರು ಮಲಗುವ ಕ್ಯಾಬಿನ್‌ಗಳು ಬೇಗ ಮುಗಿಯುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ಕಂಪನಿಗಳು ಪೈಪೋಟಿಗೆ ಬಿದ್ದು ರಿಯಾಯಿತಿ ಕೊಡುತ್ತವೆ, ಮುಂದೆ ಹೋಗುವವರಿಗೆ ಅದು ಒಳ್ಳೆಯ ಕಾಲ.

ಬಂದರಿನ ಹತ್ತಿರವೇ ಇರುವವರು, ನಿವೃತ್ತರು, ಯಾವ ಕ್ಯಾಬಿನ್ ಆದರೂ ಸರಿ ಎನ್ನುವವರು ಹೊರಡಲು ಎರಡು ಮೂರು ತಿಂಗಳಿದೆ ಎನ್ನುವಾಗ ನೋಡಲಿ. ಬಹಳಷ್ಟು ಕಂಪನಿಗಳಲ್ಲಿ ಪೂರ್ತಿ ಹಣ ಕಟ್ಟುವ ಗಡುವು ಆ ಹೊತ್ತಿಗೇ ಬೀಳುತ್ತದೆ. ಮುಂಗಡ ಕೊಟ್ಟವರಲ್ಲಿ ಕೆಲವರು ಹಿಂದೆ ಸರಿಯುತ್ತಾರೆ, ತೆರವಾದ ಕ್ಯಾಬಿನ್‌ಗಳು ಮತ್ತೆ ಮಾರಾಟಕ್ಕೆ ಬರುತ್ತವೆ. ವಿಮಾನದಲ್ಲಿ ಹೋಗಬೇಕಾದವರು ಮಾತ್ರ ಎಚ್ಚರವಾಗಿರಬೇಕು. ಹಡಗಿನಲ್ಲಿ ಉಳಿಸಿದ್ದನ್ನು ಕೊನೆಗಳಿಗೆಯ ವಿಮಾನ ಟಿಕೆಟ್ ನುಂಗಿಬಿಡುತ್ತದೆ.

ಕಿಟಕಿಯಿಲ್ಲದ ಕ್ಯಾಬಿನ್‌ನಲ್ಲಿ ಉಸಿರು ಕಟ್ಟಿದಂತಾಗುವುದಿಲ್ಲವೇ?

ನನಗೂ ಇದೇ ಹೆದರಿಕೆಯಿತ್ತು. ಒಳಗಿನ ಕ್ಯಾಬಿನ್‌ಗೂ ಬಾಲ್ಕನಿ ಇರುವುದಕ್ಕೂ ದರದಲ್ಲಿ ದೊಡ್ಡ ಅಂತರವಿರುತ್ತದೆ, ಊಟ, ಈಜುಕೊಳ, ನಾಟಕಶಾಲೆ ಇಬ್ಬರಿಗೂ ಒಂದೇ. ಗಾಳಿಗೆ ಏನೂ ಕೊರತೆಯಿಲ್ಲ. ಕಾಡುವುದು ಕತ್ತಲೆ. ದೀಪ ಆರಿಸಿದರೆ ಕೈಗೆ ಕೈ ಕಾಣದ ಕಗ್ಗತ್ತಲು, ಹೊತ್ತು ಎಷ್ಟಾಯಿತೆಂದು ದೇಹಕ್ಕೆ ತಿಳಿಯುವುದಿಲ್ಲ. ನಾನು ಕಂಡುಕೊಂಡ ಉಪಾಯ ಹೀಗಿದೆ. ಹಲವು ಹಡಗುಗಳ ಟಿವಿಯಲ್ಲಿ ಮುಂಭಾಗದ ಕ್ಯಾಮೆರಾದ ದೃಶ್ಯ ತೋರಿಸುವ ವಾಹಿನಿಯೊಂದಿರುತ್ತದೆ. ದನಿ ಇಳಿಸಿ, ಅದನ್ನೇ ಹಾಕಿ ಮಲಗುತ್ತೇನೆ. ರಾತ್ರಿಯೆಲ್ಲ ಕಪ್ಪಗಿದ್ದ ಪರದೆ ಮುಂಜಾನೆ ಮೊದಲು ಬೂದು ಬಣ್ಣಕ್ಕೆ ತಿರುಗುತ್ತದೆ, ನಿಧಾನವಾಗಿ ದಿಗಂತದ ಗೆರೆ ಮೂಡುತ್ತದೆ, ಗೋಡೆಯ ಮೇಲೆ ಬೆಳಕು ಬೀಳುತ್ತದೆ. ನಾನು ಎದ್ದು ಮೇಲಿನ ಡೆಕ್‌ಗೆ ಹೋಗುತ್ತೇನೆ.

ಕ್ಯಾಬಿನ್ ಸಂಖ್ಯೆಯನ್ನು ಕಂಪನಿಯ ಆಯ್ಕೆಗೆ ಬಿಟ್ಟರೆ ದರ ಇನ್ನೂ ಇಳಿಯುತ್ತದೆ. ನೀವು ಕೊಂಡ ದರ್ಜೆಯಂತೂ ಖಚಿತ, ಜಾಗ ಎಲ್ಲಿ ಎಂಬುದು ಹೊರಡುವ ಹೊತ್ತಿಗೆ ತಿಳಿಯುತ್ತದೆ. ನಿದ್ದೆ ಸೂಕ್ಷ್ಮವಾಗಿರುವವರು ಇದಕ್ಕೆ ಒಪ್ಪಬೇಡಿ, ಮೇಲಿನ ಅಂತಸ್ತಿನಲ್ಲಿ ನೃತ್ಯಶಾಲೆಯೋ ಅಡುಗೆಮನೆಯೋ ಇರಬಹುದು. ಹೊಟ್ಟೆ ತೊಳಸುವ ತೊಂದರೆ ಇರುವವರು ಹಡಗಿನ ನಡುಭಾಗದ, ಕೆಳಗಿನ ಡೆಕ್‌ನ ಕ್ಯಾಬಿನ್ ಆರಿಸಿಕೊಳ್ಳಲಿ, ಓಲಾಟ ಅಲ್ಲಿ ಅತಿ ಕಡಿಮೆ. ಅಂಥವು ದುಬಾರಿಯೂ ಅಲ್ಲ.

ಹೊಸ ಹಡಗಿಗೂ ಹಳೆಯ ಹಡಗಿಗೂ ಏನು ವ್ಯತ್ಯಾಸ?

ಹೊಸದರಲ್ಲಿ ಜಾರುಬಂಡೆ, ಆಟದ ಸಲಕರಣೆಗಳು ಹೆಚ್ಚು, ದರವೂ ಹೆಚ್ಚು. ಅದೇ ಕಂಪನಿಯ ಹದಿನೈದು ಇಪ್ಪತ್ತು ವರ್ಷದ ಹಡಗು ಅದೇ ಸಮುದ್ರದಲ್ಲಿ ಓಡುತ್ತದೆ. ಗಾತ್ರದಲ್ಲಿ ಚಿಕ್ಕದಾದ್ದರಿಂದ ದೊಡ್ಡ ಹಡಗು ನುಗ್ಗಲಾಗದ ಬಂದರುಗಳಿಗೂ ಹೋಗಬಲ್ಲದು. ಊರು ನೋಡಬೇಕು ಎನ್ನುವವರಿಗೆ ನಾನು ಹಳೆಯದನ್ನೇ ಹೇಳುತ್ತೇನೆ.

ಒಂದೇ ಕ್ಯಾಬಿನ್‌ನಲ್ಲಿ ನಾಲ್ವರು ಇದ್ದರೆ ಉಳಿತಾಯವೇ?

ಹೌದು, ಮೂರನೆಯವರಿಗೂ ನಾಲ್ಕನೆಯವರಿಗೂ ದರ ಬಹುತೇಕ ಕಡಿಮೆ. ಆದರೆ ತೆರಿಗೆ ಮತ್ತು ಸೇವಾ ಶುಲ್ಕ ಪ್ರತಿ ತಲೆಗೂ ಬೀಳುತ್ತದೆ. ಸಾಮಾನ್ಯವಾಗಿ ಆರು ತಿಂಗಳೊಳಗಿನ ಕೂಸುಗಳನ್ನೂ 24 ವಾರ ತುಂಬಿದ ಗರ್ಭಿಣಿಯರನ್ನೂ ಹಡಗಿಗೆ ಹತ್ತಿಸಿಕೊಳ್ಳುವುದಿಲ್ಲ ಎಂಬುದು ನೆನಪಿರಲಿ.

ನಾನು ಒಬ್ಬಳೇ ಹೋಗುವವಳು. ಇಬ್ಬರ ದುಡ್ಡು ಏಕೆ ಕೇಳುತ್ತಾರೆ?

ಕ್ಯಾಬಿನ್‌ನ ದರ ಕಟ್ಟುವುದೇ ಇಬ್ಬರು ಇರುತ್ತಾರೆ ಎಂಬ ಲೆಕ್ಕದ ಮೇಲೆ. ಹಾಗಾಗಿ ಒಬ್ಬರೇ ಹೋದರೂ ಎರಡನೆಯವರ ದರವನ್ನು ಅರ್ಧವೋ ಪೂರ್ತಿಯೋ ಹೇರುತ್ತಾರೆ. ಇದು ಅನ್ಯಾಯ ಎಂದೇ ನನಗೂ ಅನಿಸುತ್ತದೆ. 2010ರಲ್ಲಿ ‘ನಾರ್ವೀಜಿಯನ್ ಎಪಿಕ್’ ಹಡಗು ಒಂಟಿ ಪ್ರಯಾಣಿಕರಿಗೆಂದೇ 128 ಪುಟ್ಟ ಕ್ಯಾಬಿನ್‌ಗಳನ್ನು ಇಟ್ಟುಕೊಂಡು ಬಂತು, ಆಮೇಲೆ ಬೇರೆ ಕಂಪನಿಗಳೂ ಆ ದಾರಿ ಹಿಡಿದವು. ಅಂಥವು ಕೆಲವೇ ಇರುವುದರಿಂದ ಬೇಗ ತುಂಬುತ್ತವೆ. ಕೆಲವೊಮ್ಮೆ ಮಾಮೂಲಿ ಒಳಗಿನ ಕ್ಯಾಬಿನ್‌ಗೆ ಇಬ್ಬರ ದರ ಕೊಟ್ಟರೂ ಅದಕ್ಕಿಂತ ಕಡಿಮೆ ಬೀಳುತ್ತದೆ. ಎರಡನ್ನೂ ಹೋಲಿಸಿ ನೋಡಿ.

ಏಜೆಂಟ್ ಬಳಿ ಹೋದರೆ ಹೆಚ್ಚು ಕೊಡಬೇಕೇ?

ಸಾಮಾನ್ಯವಾಗಿ ಇಲ್ಲ, ಅವರ ಕಮಿಷನ್ ಕೊಡುವುದು ಹಡಗಿನ ಕಂಪನಿ. ಒಟ್ಟಿಗೆ ಹಲವು ಕ್ಯಾಬಿನ್ ಹಿಡಿದಿಟ್ಟ ಏಜೆಂಟ್ ನೇರ ದರಕ್ಕಿಂತ ಕಡಿಮೆಗೂ ಕೊಡಬಲ್ಲರು. ರದ್ದು ಮಾಡಿದರೆ ತಮ್ಮದೊಂದು ಶುಲ್ಕ ಹಾಕುತ್ತಾರೆಯೇ ಎಂದು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಹಡಗಿನಲ್ಲೇ ಇರುತ್ತೇವೆ, ವೀಸಾ ಏಕೆ?

ಹಡಗು ಮುಟ್ಟುವ ಪ್ರತಿ ದೇಶದ ನಿಯಮವೂ ನಿಮಗೆ ಅನ್ವಯಿಸಬಹುದು. ಕಾಗದ ಸರಿಯಿಲ್ಲದಿದ್ದರೆ ಹಡಗು ಹತ್ತುವ ಜಾಗದಲ್ಲೇ ತಡೆಯುತ್ತಾರೆ, ಹಣವೂ ಮರಳುವುದಿಲ್ಲ. ಹೆಚ್ಚು ಜನ ಎಡವುವುದು ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾದಲ್ಲಿ. ಅಥೆನ್ಸ್ ಬಳಿಯ ಪಿರೇಯಸ್‌ನಿಂದ ಹೊರಟ ಹಡಗು ಟರ್ಕಿಯ ಕುಶಾದಸಿ ಮುಟ್ಟಿ ಮತ್ತೆ ಗ್ರೀಸ್‌ಗೆ ಬಂದರೆ, ಷೆಂಗೆನ್ ವಲಯವನ್ನು ಬಿಟ್ಟು ಮತ್ತೆ ಪ್ರವೇಶಿಸಿದಂತೆ. ಒಂದೇ ಪ್ರವೇಶದ ವೀಸಾ ಅಲ್ಲಿಗೆ ಮುಗಿದಿರುತ್ತದೆ, ಹಲವು ಪ್ರವೇಶದ ವೀಸಾವನ್ನೇ ಕೇಳಿ ಪಡೆಯಬೇಕು. ಪಾಸ್‌ಪೋರ್ಟ್‌ನ ಅವಧಿ ಪ್ರವಾಸ ಮುಗಿದ ಮೇಲೂ ಆರು ತಿಂಗಳಿರಲಿ.

ವಿಮೆಯೊಂದನ್ನು ಬಿಟ್ಟರೆ ಸ್ವಲ್ಪ ಉಳಿಯುತ್ತದಲ್ಲವೇ?

ದಯವಿಟ್ಟು ಅದನ್ನು ಬಿಡಬೇಡಿ. ಉಳಿದೆಲ್ಲದರಲ್ಲೂ ಜಿಪುಣತನ ಮಾಡಿ, ನಾನೇ ಬೆನ್ನು ತಟ್ಟುತ್ತೇನೆ. ಹಡಗಿನ ಚಿಕಿತ್ಸಾಲಯ ಹಣ ಪಡೆದೇ ಚಿಕಿತ್ಸೆ ಕೊಡುತ್ತದೆ. ಅಲ್ಲಿ ಆಗದ ಕಾಯಿಲೆಯಾದರೆ ಮುಂದಿನ ಬಂದರಿನಲ್ಲಿ ಇಳಿಸುತ್ತಾರೆ, ಇಲ್ಲವೇ ಹೆಲಿಕಾಪ್ಟರ್ ಕರೆಸಬೇಕಾಗುತ್ತದೆ. ಸಮುದ್ರದ ಮಧ್ಯದಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿರುವ, ಕ್ರೂಸ್ ಪ್ರಯಾಣಕ್ಕೆ ಅನ್ವಯಿಸುವ ಪಾಲಿಸಿಯನ್ನೇ ಕೊಳ್ಳಿ. ಈಗಾಗಲೇ ಇರುವ ಕಾಯಿಲೆಗಳನ್ನು ಮುಚ್ಚಿಡಬೇಡಿ.

## ಹಡಗು ಹತ್ತುವಾಗ, ಹತ್ತಿದ ಮೇಲೆ

ಹೊರಡುವ ದಿನ ಬೆಳಿಗ್ಗೆ ವಿಮಾನದಲ್ಲಿ ಹೋದರೆ ಸಾಲದೇ? ಹೋಟೆಲ್ ಖರ್ಚು ಉಳಿಯುತ್ತದೆ.

ಸಾಲದು. ನಿಮ್ಮ ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ. ನಿಗದಿತ ವೇಳೆಗಿಂತ ಸಾಕಷ್ಟು ಮೊದಲೇ ನೋಂದಣಿಯ ಬಾಗಿಲು ಮುಚ್ಚುತ್ತಾರೆ, ತಪ್ಪಿಸಿಕೊಂಡವರು ತಮ್ಮ ಖರ್ಚಿನಲ್ಲಿ ಮುಂದಿನ ಬಂದರಿಗೆ ಓಡಬೇಕು. ಹಿಂದಿನ ದಿನವೇ ತಲುಪಿ, ಸಾದಾ ಕೋಣೆಯಲ್ಲಿ ಮಲಗಿ. ಮರಳುವಾಗ ಮಧ್ಯಾಹ್ನದ ನಂತರದ ವಿಮಾನ ಹಿಡಿಯಿರಿ.

ಪಾನೀಯದ ಪ್ಯಾಕೇಜ್ ಲಾಭವೋ ನಷ್ಟವೋ?

ದಿನದ ಪ್ಯಾಕೇಜ್ ದರಕ್ಕೆ ಸೇವಾ ಶುಲ್ಕ ಕೂಡಿಸಿ, ನೀವು ಸಾಮಾನ್ಯವಾಗಿ ಕುಡಿಯುವ ಒಂದು ಲೋಟದ ದರದಿಂದ ಭಾಗಿಸಿ. ಏಳು ಎಂದು ಬಂದರೆ ಪ್ರತಿ ದಿನವೂ ಏಳು ಲೋಟ ಕುಡಿದಾಗ ಲೆಕ್ಕ ಸರಿಹೋಗುತ್ತದೆ, ಲಾಭ ಎಂಟನೆಯದರಿಂದ. ಬಂದರಿನಲ್ಲಿ ದಿನವಿಡೀ ಸುತ್ತುವ ದಿನಕ್ಕೂ ದುಡ್ಡು ಕೊಟ್ಟಿರುತ್ತೀರಿ. ಮದ್ಯದ ಪ್ಯಾಕೇಜ್ ಆದರೆ ಒಂದೇ ಕ್ಯಾಬಿನ್‌ನ ವಯಸ್ಕರೆಲ್ಲರೂ ಕೊಳ್ಳಬೇಕು ಎಂಬ ನಿಯಮ ಹಲವು ಕಡೆ ಇದೆ, ಒಬ್ಬರು ಮುಟ್ಟದಿದ್ದರೂ ಸರಿ. ಬಹುಪಾಲು ಜನರಿಗೆ ಇದು ನಷ್ಟದ ಬಾಬತ್ತು. ಹಡಗಿನ ನಲ್ಲಿಯ ನೀರು ಕುಡಿಯಲು ಯೋಗ್ಯ. ಖಾಲಿ ಬಾಟಲಿಯೊಂದನ್ನು ಒಯ್ದು ತುಂಬಿಸಿಕೊಳ್ಳಿ.

ಸೇವಾ ಶುಲ್ಕವನ್ನು ಬಿಲ್‌ನಿಂದ ತೆಗೆಸಬಹುದಂತೆ, ಹೌದೇ?

ಕೆಲವು ಕಂಪನಿಗಳಲ್ಲಿ ಕೌಂಟರ್‌ಗೆ ಹೋಗಿ ಕೇಳಿದರೆ ತೆಗೆಯುತ್ತಾರೆ. ನಾನು ತೆಗೆಸಿಲ್ಲ, ತೆಗೆಸಿ ಎಂದು ಹೇಳುವುದೂ ಇಲ್ಲ. ನಿಮ್ಮ ಹಾಸಿಗೆ ಹಾಸುವವರು, ತಟ್ಟೆ ಎತ್ತುವವರು ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುತ್ತಾರೆ, ಅವರ ಸಂಪಾದನೆಯ ಭಾಗವೇ ಅದು. ಮೊದಲ ದಿನದ ಲೆಕ್ಕದಲ್ಲೇ ಸೇರಿಸಿಕೊಂಡರೆ ಕೊನೆಗೆ ಭಾರವೆನಿಸುವುದಿಲ್ಲ.

ಫೋನ್ ಬಿಲ್ ವಿಪರೀತ ಬಂದಿದೆ ಎಂದು ಕೆಲವರು ಹೇಳುತ್ತಾರೆ. ಏಕೆ?

ದಡ ದೂರವಾದ ಕೂಡಲೇ ಮೊಬೈಲ್ ಹಡಗಿನದೇ ಉಪಗ್ರಹ ಜಾಲಕ್ಕೆ ಅಂಟಿಕೊಳ್ಳುತ್ತದೆ. ಬಹುತೇಕ ರೋಮಿಂಗ್ ಯೋಜನೆಗಳಲ್ಲಿ ಅದು ಸೇರಿರುವುದಿಲ್ಲ. ಹಡಗು ಹೊರಡುವ ಮೊದಲೇ ಏರೋಪ್ಲೇನ್ ಮೋಡ್ ಹಾಕಿಬಿಡಿ. ಇಂಟರ್ನೆಟ್ ಬೇಕೇ ಬೇಕೆಂದರೆ ಹೊರಡುವ ಮೊದಲೇ ಕೊಳ್ಳಿ, ಹಡಗಿನೊಳಗೆ ಅದರ ದರ ಹೆಚ್ಚು.

ಹಡಗಿನೊಳಗಿನ ಖರ್ಚಿಗೆ ಡೆಬಿಟ್ ಕಾರ್ಡ್ ಕೊಡಬಹುದೇ?

ಕೊಡಬಹುದು, ಆದರೆ ಮುಂದಿನ ಖರ್ಚಿಗೆಂದು ನಿಮ್ಮ ಖಾತೆಯಲ್ಲಿ ಒಂದಷ್ಟು ಹಣವನ್ನು ತಡೆಹಿಡಿಯುತ್ತಾರೆ, ಪ್ರವಾಸ ಮುಗಿದು ಹಲವು ದಿನ ಅದು ಬಿಡುಗಡೆಯಾಗದೆ ಇರಬಹುದು. ಕ್ರೆಡಿಟ್ ಕಾರ್ಡ್ ಇಲ್ಲವೇ ನಗದು ಠೇವಣಿ ಮೇಲು.

## ಬಂದರುಗಳಲ್ಲಿ

ಹಡಗಿನವರು ಮಾರುವ ಸುತ್ತಾಟ ದುಬಾರಿ. ನಾವೇ ತಿರುಗಾಡಬಹುದೇ?

ಊರು ಬಂದರಿಗೆ ಅಂಟಿಕೊಂಡಿದ್ದರೆ ನಡೆದೇ ನೋಡಬಹುದು, ಉಳಿತಾಯದ ದೊಡ್ಡ ಪಾಲು ಇಲ್ಲೇ ಇದೆ. ಹಡಗಿನವರದೇ ಬಸ್ ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಆದ್ದರಿಂದ ನೋಡಬೇಕಾದದ್ದು ಒಂದು ಗಂಟೆಗಿಂತ ದೂರವಿದ್ದು ದಾರಿ ನೆಚ್ಚುವಂತಿಲ್ಲದಿದ್ದರೆ ಮಾತ್ರ ಹಡಗಿನವರದನ್ನು ಕೊಳ್ಳುತ್ತೇನೆ. ಹಡಗಿನ ಗಡಿಯಾರವೂ ಊರಿನ ಗಡಿಯಾರವೂ ಬೇರೆಯಾಗಿರಬಹುದು. ಇಳಿಯುವ ಮೊದಲು ಬಾಗಿಲ ಬಳಿ ಬರೆದಿಟ್ಟ ಮರಳುವ ವೇಳೆಯ ಫೋಟೊ ತೆಗೆದುಕೊಂಡು, ಕೈಗಡಿಯಾರವನ್ನು ಹಡಗಿನ ಸಮಯಕ್ಕೇ ಇಟ್ಟುಕೊಳ್ಳಿ.

ಪಟ್ಟಿಯಲ್ಲಿ ‘ರೋಮ್’ ಎಂದಿತ್ತು. ಇಳಿದರೆ ರೋಮ್ ಎಲ್ಲೂ ಕಾಣಲಿಲ್ಲ!

ಹಡಗು ನಿಂತದ್ದು ಚಿವಿತವೆಕ್ಕಿಯದಲ್ಲಿ, ರೋಮ್ ಅಲ್ಲಿಂದ ಸುಮಾರು 70 ಕಿಲೋಮೀಟರ್. ‘ಪ್ಯಾರಿಸ್’ ಎಂದರೆ ಲೆ ಆವ್ರ್, ಅಲ್ಲಿಂದ 200 ಕಿಲೋಮೀಟರಿನಷ್ಟು. ‘ಬರ್ಲಿನ್’ ಎಂದರೆ ವಾರ್ನೆಮ್ಯುಂಡೆ, ಅದೂ 200 ಕಿಲೋಮೀಟರಿಗಿಂತ ಹೆಚ್ಚು. ‘ಬ್ಯಾಂಕಾಕ್’ ಎಂದರೆ ನೂರು ಕಿಲೋಮೀಟರಿಗೂ ಆಚೆಯ ಲೆಮ್ ಚಬಾಂಗ್. 2021ರ ಆಗಸ್ಟ್ 1ರಿಂದ ದೊಡ್ಡ ಹಡಗುಗಳು ವೆನಿಸ್ ನಗರದ ಮುಂದಿನ ಜುದೆಕ್ಕ ಕಾಲುವೆಯಲ್ಲಿ ಸಾಗುವುದನ್ನು ನಿಷೇಧಿಸಿದ ಮೇಲೆ, ‘ವೆನಿಸ್’ ಎಂದು ಮಾರುವ ಹಲವು ಪ್ರವಾಸಗಳು ದೂರದ ರವೆನ್ನದಿಂದಲೋ ತ್ರಿಯೆಸ್ತೆಯಿಂದಲೋ ಹೊರಡುತ್ತವೆ. ಹಣ ಕಟ್ಟುವ ಮೊದಲು ಬಂದರಿನ ನಿಜವಾದ ಹೆಸರು ಹಿಡಿದು ನಕ್ಷೆಯಲ್ಲಿ ದೂರ ನೋಡಿ, ರೈಲಿನ ವೇಳೆ ನೋಡಿ. ಎಂಟು ಗಂಟೆಯ ನಿಲುಗಡೆಯಲ್ಲಿ ಐದು ಗಂಟೆ ದಾರಿಗೇ ಹೋಗುವುದಾದರೆ, ಬಂದರಿನ ಆ ಪುಟ್ಟ ಊರನ್ನೇ ನಿಧಾನವಾಗಿ ನೋಡುವುದು ನನಗೆ ಇಷ್ಟ.

ಬಂದರನ್ನೇ ರದ್ದು ಮಾಡಿದರೆ ಹಣ ಮರಳಿ ಕೊಡುತ್ತಾರೆಯೇ?

ಗಾಳಿ, ಅಲೆಯ ಕಾರಣಕ್ಕೆ ಬಂದರು ಬಿಡುವ ಹಕ್ಕನ್ನು ಕಂಪನಿಗಳು ಟಿಕೆಟ್‌ನ ಕರಾರಿನಲ್ಲೇ ಇಟ್ಟುಕೊಂಡಿರುತ್ತವೆ. ಸಾಮಾನ್ಯವಾಗಿ ಆ ಬಂದರಿನ ಶುಲ್ಕ, ಅವರ ಬಳಿ ಕೊಂಡ ಸುತ್ತಾಟದ ಹಣ ಮರಳುತ್ತದೆ, ಅಷ್ಟೇ. ಹೊರಗಿನವರ ಬಳಿ ಕಾದಿರಿಸುವಾಗ ‘ಹಡಗು ಬರದಿದ್ದರೆ ಪೂರ್ತಿ ಹಣ ವಾಪಸ್’ ಎನ್ನುವವರನ್ನೇ ಆರಿಸಿ.

## ಒಂದೆರಡು ಬಾರಿ ಹೋಗಿ ಬಂದವರಿಗೆ

ಹದಿನಾಲ್ಕು ರಾತ್ರಿಯ ಪ್ರವಾಸ ಏಳು ರಾತ್ರಿಯ ದರಕ್ಕೆ ಬರುತ್ತಿದೆ. ಏನೋ ಮೋಸವಿರಬೇಕಲ್ಲ?

ಮೋಸವಿಲ್ಲ, ಅದು ಹಡಗಿನ ಸ್ಥಳಾಂತರದ ಪ್ರಯಾಣ. ಬೇಸಿಗೆಯಲ್ಲಿ ಮೆಡಿಟರೇನಿಯನ್‌ನಲ್ಲಿ, ಚಳಿಗಾಲದಲ್ಲಿ ಕೆರಿಬಿಯನ್‌ನಲ್ಲಿ ದುಡಿಯುವ ಹಡಗುಗಳು ವರ್ಷಕ್ಕೆರಡು ಬಾರಿ ಅಟ್ಲಾಂಟಿಕ್ ದಾಟಲೇಬೇಕು. ಖಾಲಿ ಹೋಗುವ ಬದಲು ಕಡಿಮೆ ದರಕ್ಕೆ ಜನರನ್ನು ಕರೆದೊಯ್ಯುತ್ತವೆ. ಏಪ್ರಿಲ್, ಮೇ ಹಾಗೂ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಇವು ಸಿಗುತ್ತವೆ. ರಾತ್ರಿಗೆ ಬೀಳುವ ದರದಲ್ಲಿ ಇದಕ್ಕಿಂತ ಅಗ್ಗದ್ದನ್ನು ನಾನು ಕಂಡಿಲ್ಲ.

ಹತ್ತಿದ ಊರಿಗೆ ಮರಳುವುದಿಲ್ಲವಾದ್ದರಿಂದ ಒಮ್ಮುಖ ವಿಮಾನ ಟಿಕೆಟ್ ಬೇಕು, ಅದನ್ನು ಮೊದಲೇ ನೋಡದಿದ್ದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಆರೇಳು ದಿನ ನೆಲವೇ ಕಾಣದು. ದಿಕ್ಕನ್ನೂ ಗಮನಿಸಿ. ಪೂರ್ವಕ್ಕೆ ಹೋಗುವಾಗ ಕೆಲವು ರಾತ್ರಿ ಗಡಿಯಾರವನ್ನು ಒಂದು ಗಂಟೆ ಮುಂದಿಡಬೇಕು, ನಿದ್ದೆ ಕಡಿತವಾಗುತ್ತದೆ. ಪಶ್ಚಿಮಕ್ಕೆ ಹೋದರೆ ಅಂಥ ದಿನಗಳಿಗೆ 25 ಗಂಟೆ. ಒಮ್ಮೆ ಪಶ್ಚಿಮಕ್ಕೆ ದಾಟಿದಾಗ ಡೆಕ್‌ನ ಮೂಲೆಯ ಕುರ್ಚಿಯೊಂದರಲ್ಲಿ ಆರು ದಿನ ಓದುತ್ತಾ ಕುಳಿತೆ. ಅಷ್ಟು ಸಮಯ ನನ್ನ ಕೈಗೆ ಇನ್ನೆಂದೂ ಸಿಕ್ಕಿಲ್ಲ.

ಬುಕ್ ಮಾಡಿದ ಮರುವಾರವೇ ದರ ಇಳಿಯಿತು. ಇನ್ನೇನೂ ಮಾಡಲಾಗದೇ?

ಪೂರ್ತಿ ಹಣ ಕಟ್ಟುವ ಗಡುವು ಇನ್ನೂ ಬಂದಿಲ್ಲದಿದ್ದರೆ ಮಾಡಬಹುದು. ಕೇಳಿದರೆ ಎಷ್ಟೋ ಕಂಪನಿಗಳು ಹೊಸ ದರಕ್ಕೆ ಬದಲಿಸಿಕೊಡುತ್ತವೆ. ಇಲ್ಲವಾದರೆ, ಮುಂಗಡ ಮರಳಿಸುವ ಬಗೆಯ ಬುಕಿಂಗ್ ಆಗಿದ್ದರೆ ರದ್ದುಮಾಡಿ ಮತ್ತೆ ಕೊಳ್ಳಬಹುದು. ವಾರಕ್ಕೊಮ್ಮೆ ದರ ನೋಡುವ ಅಭ್ಯಾಸವಿರಲಿ. ಹಳೆಯ ಬುಕಿಂಗ್ ಜೊತೆ ಸಿಕ್ಕಿದ್ದ ಕೊಡುಗೆಗಳು ಹೊಸದರಲ್ಲಿ ಉಳಿಯುತ್ತವೆಯೇ ಎಂದು ತಾಳೆ ನೋಡಿಯೇ ಬದಲಿಸಿ.

ಎರಡು ಪ್ರವಾಸಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ ವಿಮಾನದ ಖರ್ಚು ಹಂಚಿಹೋಗುತ್ತದಲ್ಲವೇ?

ಹೌದು, ದೂರದಿಂದ ಬರುವವರಿಗೆ ಇದು ಜಾಣ ಲೆಕ್ಕ. ಎರಡರಲ್ಲೂ ಒಂದೇ ಕ್ಯಾಬಿನ್ ಕೇಳಿ, ಗಂಟುಮೂಟೆ ಕಟ್ಟುವ ಕೆಲಸ ತಪ್ಪುತ್ತದೆ. ಅಮೆರಿಕದ ಬಂದರುಗಳಲ್ಲಿ ಮಾತ್ರ 1886ರ ಒಂದು ಕಾನೂನು ಅಡ್ಡ ಬರುತ್ತದೆ. ವಿದೇಶಿ ಧ್ವಜದ, ಅಂದರೆ ಬೇರೆ ದೇಶದಲ್ಲಿ ನೋಂದಾಯಿಸಿದ ಹಡಗು ಪ್ರಯಾಣಿಕರನ್ನು ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ, ದೂರದ ವಿದೇಶಿ ಬಂದರು ಮುಟ್ಟದೆ ಸಾಗಿಸುವಂತಿಲ್ಲ. ಎರಡು ಪ್ರವಾಸ ಬೇರೆಬೇರೆಯಾಗಿ ಸರಿಯಿದ್ದರೂ ಜೋಡಿಸಿದಾಗ ನಿಯಮ ಮುರಿದಂತಾಗಬಹುದು. ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ಅಲಾಸ್ಕಾ ಹಡಗುಗಳು ಕೆನಡಾದ ವಿಕ್ಟೋರಿಯಾದಂಥ ಬಂದರಿನಲ್ಲಿ ಕೆಲವೇ ಗಂಟೆ ನಿಲ್ಲುವುದಕ್ಕೂ ಇದೇ ಕಾನೂನು ಕಾರಣ. ಜೋಡಿಸುವ ಮೊದಲು ಕಂಪನಿಯನ್ನೇ ಕೇಳಿ ಖಚಿತಪಡಿಸಿಕೊಳ್ಳಿ.

ಹಡಗಿನಲ್ಲಿರುವಾಗಲೇ ಮುಂದಿನ ಪ್ರವಾಸಕ್ಕೆ ಮುಂಗಡ ಕೊಡಿ ಎನ್ನುತ್ತಾರೆ. ಕೊಡಬಹುದೇ?

ಅದೇ ಕಂಪನಿಯಲ್ಲಿ ಮತ್ತೆ ಹೋಗುವುದು ಖಂಡಿತವಿದ್ದರೆ ಕೊಡಿ. ಮುಂಗಡ ಕಡಿಮೆ ಇರುತ್ತದೆ, ಹಡಗಿನಲ್ಲಿ ಖರ್ಚು ಮಾಡಲು ಒಂದಿಷ್ಟು ಕೊಡುಗೆಯೂ ಸೇರುತ್ತದೆ. ದಿನಾಂಕ ಈಗಲೇ ನಿರ್ಧರಿಸಬೇಕೇ, ಹೋಗಲಾಗದಿದ್ದರೆ ಮುಂಗಡ ಮರಳುತ್ತದೆಯೇ ಎಂಬ ಎರಡು ಪ್ರಶ್ನೆ ಕೇಳಿ. ಎರಡಕ್ಕೂ ನೇರ ಉತ್ತರ ಸಿಗದಿದ್ದರೆ ಸಹಿ ಹಾಕಬೇಡಿ, ಮನೆಗೆ ಬಂದು ಬಿಲ್ ಎಲ್ಲ ಕೂಡಿಸಿದ ಮೇಲೆ ಯೋಚಿಸಿ.